ನಾಲ್ಕು ಕೆಂಪು ಸಾಲು

“ಟೋಪಿ ಉತಾರ್. ಬೆಲ್ಟ್ ಉತಾರ್.”

ಸುಬೇದಾರ್ ಮೇಜರ್ ಸಾಹೇಬರ ದನಿಯಲ್ಲಿ ಸಿಟ್ಟಿಲ್ಲ. ಸಿಟ್ಟಿದ್ದರೆ ನಿಮಗೆ ಒಂಚೂರು ಧೈರ್ಯವಾದರೂ ಬರುತ್ತಿತ್ತು. ಬೆಲ್ಟಿನ ಬಕ್ಕಲು ಬಿಚ್ಚಲು ಹೋದ ಬೆರಳು ಎರಡು ಸಲ ಜಾರುತ್ತದೆ. ಸೊಂಟ ಸಡಿಲವಾಗುತ್ತದೆ, ಪ್ಯಾಂಟು ಕೆಳಗಿಳಿಯುತ್ತಿದೆ ಅನ್ನಿಸುತ್ತದೆ, ಇಳಿಯುವುದಿಲ್ಲ. ಜನವರಿಯ ಚಳಿ ಬರಿ ತಲೆಗೆ ತಾಗುತ್ತದೆ. ಪೇಶಿಗೆ ನಿಲ್ಲಿಸುವ ಯಾವ ಸಿಪಾಯಿಗೂ ಇದೇ ಪದ್ಧತಿ. ನಿಮಗಿದು ನಾಲ್ಕನೆಯ ಸಲ.

“ತೇಜ್ ಚಲ್! ಥಮ್!”

ನೆಲಕ್ಕೆ ಅಪ್ಪಳಿಸಿದ ಹಿಮ್ಮಡಿಯ ಸದ್ದು ಸಣ್ಣ ಕೋಣೆಯಲ್ಲಿ ದೊಡ್ಡದಾಗಿ ಕೇಳುತ್ತದೆ. ಫಿನಾಯಿಲು, ಬೂಟ್ ಪಾಲಿಶು, ಯಾರೋ ಅರ್ಧ ಕುಡಿದಿಟ್ಟ ಚಹಾದ ವಾಸನೆ. ಕಮಾಂಡಿಂಗ್ ಆಫೀಸರ್ ಸಾಹೇಬರು ಓದುತ್ತಿದ್ದಾರೆ: 1950ರ ಸೇನಾ ಕಾಯ್ದೆ, ಕಲಂ 39, ರಜೆ ಮುಗಿದ ಮೇಲೂ ಗೈರು. ಒಪ್ಪಿಗೆಯೇ ಎಂದು ಕೇಳುತ್ತಾರೆ. “ಜೀ ಸಾಹೇಬ್” ಅನ್ನುವುದಕ್ಕೆ ಎಷ್ಟು ಹೊತ್ತು ಬೇಕು? ಇಪ್ಪತ್ತೆಂಟು ದಿನ ಸೆರೆಕೋಣೆಗೆ. ಹೊರಗೆ ಬಂದಾಗ ಕಿಟಕಿಯಾಚೆ ಗುಮಾಸ್ತ ಪೆನ್ನು ಬದಲಿಸುವುದು ಕಾಣುತ್ತದೆ. ನೀಲಿ ಕೆಳಗಿಟ್ಟ, ಕೆಂಪು ಎತ್ತಿಕೊಂಡ.

ನಿಮಗೊಂದು ಹೆಸರು ಕೊಡುವುದಿಲ್ಲ ನಾನು. ಇಲ್ಲಿ ಬರುವ ಕಾನೂನು, ತೀರ್ಪು, ಊರು ಎಲ್ಲವೂ ಖರೆ. ಮನುಷ್ಯ ಮಾತ್ರ ನಾನು ಕಟ್ಟಿಕೊಂಡವನು. ಸದ್ಯಕ್ಕೆ ಅವನು ನೀವು. ಊರು ಕಮಲಾಪುರ. 2010ರಲ್ಲಿ ಭರ್ತಿಯ ಮೈದಾನದಲ್ಲಿ ಬರಿಗಾಲಲ್ಲಿ 1,600 ಮೀಟರ್ ಓಡಿ ಸೇನೆ ಸೇರಿದವರು. ನಿಮ್ಮ ಶಿಕ್ಷೆಯ ದಾಖಲೆಯಲ್ಲಿ ಮೊದಲ ಕೆಂಪು ಸಾಲು ಅಪ್ಪನ ಆಪರೇಷನ್ನಿನ ವೇಳೆ ರಜೆ ಮೀರಿದ್ದಕ್ಕೆ. ಎರಡನೆಯದು ಬ್ಯಾರಕ್ಕಿನಲ್ಲಿ ಕುಡಿದು ಕೈಯೆತ್ತಿದ್ದಕ್ಕೆ. ಅದಕ್ಕೆ ನೆಪ ಹುಡುಕಬೇಡಿ, ನಾನೂ ಹುಡುಕುವುದಿಲ್ಲ. ಮೂರನೆಯದು ತಂಗಿಯ ಮದುವೆ. ನಾಲ್ಕನೆಯದು ತೊಗರಿ.

2022ರ ಕೊನೆಯಲ್ಲಿ ಕಲಬುರಗಿ ಜಿಲ್ಲೆಯ ತೊಗರಿಗೆ ನೆಟೆ ರೋಗ ಬಡಿದದ್ದು ನೆನಪಿರಬೇಕು. ಹೂವು ಕಾಯಿ ಹೊತ್ತ ಗಿಡ ನಿಂತಲ್ಲೇ ಒಣಗುತ್ತದೆ. ರಜೆಯಲ್ಲಿ ಊರಿಗೆ ಬಂದ ನೀವು ಹೊಲದ ಬದುವಿನ ಮೇಲೆ ನಿಂತಿದ್ದೀರಿ. ಒಂದು ಗಿಡ ಹಿಡಿದು ಅಲುಗಾಡಿಸುತ್ತೀರಿ, ಜೊಳ್ಳು ಕಾಯಿ ಗಲಗಲ ಅನ್ನುತ್ತವೆ. ಬುಡ ಸೀಳಿದರೆ ಒಳಗೆ ಕಪ್ಪು ಗೆರೆ. ಅಪ್ಪ ಎರಡು ದಿನದಿಂದ ಮಾತಾಡಿಲ್ಲ. ಮಾತಾಡದ ಅಪ್ಪನನ್ನು ರಾತ್ರಿ ಒಬ್ಬನನ್ನೇ ಹೊಲಕ್ಕೆ ಬಿಡಬಾರದೆಂದು ಈ ಸೀಮೆಯ ಮಕ್ಕಳಿಗೆ ಯಾರೂ ಹೇಳಿಕೊಡಬೇಕಿಲ್ಲ. ರಜೆ ಮುಗಿಯುವ ದಿನ ಬಂತು, ಹೋಯಿತು. ಎತ್ತು ಮಾರಿ, ಸಾಲಗಾರರಿಗೆ ಕೈಮುಗಿದು, ಅಪ್ಪ ಒಂದು ರೊಟ್ಟಿ ಪೂರ್ತಿ ತಿಂದದ್ದನ್ನು ಕಣ್ಣಾರೆ ನೋಡಿ ನೀವು ರೈಲು ಹತ್ತಿದಿರಿ. ಅಷ್ಟರಲ್ಲಿ ನಲವತ್ತು ದಿನ ಮೀರಿತ್ತು. ಮೂವತ್ತು ದಿನ ದಾಟಿದರೆ ಸೇನೆ ಗೈರಿನ ಬಗ್ಗೆ ವಿಚಾರಣೆ ಕೂರಿಸುತ್ತದೆ, ಅದು ನಿಮಗೆ ಗೊತ್ತಿತ್ತು.

ಕೋಣೆಯ ಶಿಕ್ಷೆ ಮುಗಿದ ಮೇಲೆ ಬಂದದ್ದು ನೋಟಿಸು. ನಾಲ್ಕು ಕೆಂಪು ಸಾಲಿನವನನ್ನು ಸೇವೆಯಲ್ಲಿ ಏಕೆ ಇಟ್ಟುಕೊಳ್ಳಬೇಕು, ಕಾರಣ ಹೇಳು. ಉತ್ತರವನ್ನು ಬೇರೊಬ್ಬರು ಬರೆದುಕೊಟ್ಟರು. ತಪ್ಪಾಯಿತು, ಕ್ಷಮಿಸಿ ಎಂಬ ಮೂರು ಸಾಲು. ನೀವು ಓದದೆ ಸಹಿ ಹಾಕಿದಿರಿ. ತೊಗರಿಯ ಮಾತಿಲ್ಲ, ಅಪ್ಪನ ಮಾತಿಲ್ಲ. 1954ರ ಸೇನಾ ನಿಯಮಗಳ 13ನೇ ನಿಯಮದಡಿ, ಮೇಲಿನ ಅಧಿಕಾರಿಯ ಮಂಜೂರಾತಿಯೊಂದಿಗೆ, ಹದಿಮೂರು ವರ್ಷದ ಸೇವೆ ಒಂದು ಮಧ್ಯಾಹ್ನದಲ್ಲಿ ಮುಗಿಯಿತು.

ಈಗ ಕಮಲಾಪುರದಲ್ಲಿ ಬಸ್ಸಿಳಿಯಿರಿ. ಬಸ್ಸಿನ ಮೇಲಿಂದ ಕಪ್ಪು ಟ್ರಂಕು ಇಳಿಯುತ್ತದೆ, ಮೇಲೆ ಬಿಳಿ ಬಣ್ಣದಲ್ಲಿ ನಿಮ್ಮ ನಂಬರು, ಹೆಸರು. ರಸ್ತೆ ಬದಿಯ ತಳ್ಳುಗಾಡಿಯಲ್ಲಿ ಕೆಂಪು ಬಾಳೆಹಣ್ಣಿನ ಗೊನೆ ತೂಗಿವೆ, ಈ ಊರಿಗೆ ಹೆಸರು ತಂದ ಹಣ್ಣು. ಆ ಸಿಹಿ ವಾಸನೆಗೆ ಪ್ರತಿ ರಜೆಯಲ್ಲೂ ಬಾಯಲ್ಲಿ ನೀರೂರುತ್ತಿತ್ತು. ಇವತ್ತು ಹೊಟ್ಟೆ ತೊಳಸುತ್ತದೆ.

“ಏನ್ ಮಿಲ್ಟ್ರಿ, ಎಷ್ಟ್ ದಿನ ರಜಾ?”

ನಿಮ್ಮ ನಾಲಿಗೆ ನಿಮ್ಮನ್ನು ಕೇಳದೆ ಹೇಳಿಬಿಡುತ್ತದೆ: “ಪೆನ್ಶನ್ ಬಂದೀನಿ ಕಾಕಾ.”

ಆ ಒಂದು ಮಾತಿನ ಬಾಡಿಗೆಯನ್ನು ಎರಡು ವರ್ಷ ಕಟ್ಟುತ್ತೀರಿ. ಪೆನ್ಶನ್ ಬಂದವನು ಕ್ಯಾಂಟೀನಿನ ಬಾಟಲಿ ತರಬೇಕು, ಊರ ಹುಡುಗರಿಗೆ ಭರ್ತಿಯ ದಾರಿ ಹೇಳಬೇಕು, ಆಗಸ್ಟ್ 15ಕ್ಕೆ ಶಾಲೆಯಲ್ಲಿ ಶಾಲು ಹೊದ್ದು ಕೂರಬೇಕು. ನೀವು ಆಗಸ್ಟ್ 15ಕ್ಕೆ ಕಲಬುರಗಿಗೆ ಹೋಗಿ ಸೂಪರ್ ಮಾರ್ಕೆಟ್ಟಿನ ಗದ್ದಲದಲ್ಲಿ ಸುಮ್ಮನೆ ಸಂಜೆಯ ತನಕ ತಿರುಗುತ್ತೀರಿ.

ಸೇನಾ ಕಾಯ್ದೆಯ ಕಲಂ 23 ಒಳ್ಳೆಯ ಉದ್ದೇಶದ್ದು. ಸೇವೆಯಿಂದ ಹೊರಬಿದ್ದ ಸಿಪಾಯಿಗೆ ಕಾರಣ ಬರೆದ ಪ್ರಮಾಣಪತ್ರವನ್ನು ಇಂಗ್ಲಿಷಿನ ಜೊತೆಗೆ ಅವನ ಮಾತೃಭಾಷೆಯಲ್ಲೂ ಕೊಡಬೇಕು ಅನ್ನುತ್ತದೆ. ಆದರೆ ನಿಮ್ಮ ಮನೆಯಲ್ಲಿ ಇಂಗ್ಲಿಷ್ ಹಾಳೆಯಿಂದ ಅಪಾಯವಿಲ್ಲ, ಅಪಾಯವಿರುವುದು ಕನ್ನಡದ ಹಾಳೆಯಿಂದಲೇ. ಮಗಳು ನಾಲ್ಕನೇ ಇಯತ್ತೆ, ಕಂಡಕಂಡ ಬೋರ್ಡನ್ನೆಲ್ಲ ಜೋರಾಗಿ ಓದುವ ವಯಸ್ಸು. ಹಾಳೆಯನ್ನು ಮಡಚಿ, ಮತ್ತೆ ಮಡಚಿ, ಟ್ರಂಕಿನ ತಳದಲ್ಲಿ ಹಳೆ ಯೂನಿಫಾರ್ಮಿನ ಕಿಸೆಗೆ ಹಾಕುತ್ತೀರಿ. ಬೀಗದ ಕೈ ಉಡಿದಾರಕ್ಕೆ.

ಬಂದ ಒಂದಿಷ್ಟು ಗ್ರಾಚ್ಯುಟಿ ಬಂದ ದಾರಿಯಲ್ಲೇ ಸಾಲಗಾರರ ಮನೆಗೆ ಹೋಯಿತು. ಕಲಬುರಗಿಯ ಒಂದು ಗೋದಾಮಿಗೆ ರಾತ್ರಿ ಕಾವಲುಗಾರನಾಗಿ ಸೇರಿದಿರಿ. ಮಾಜಿ ಸೈನಿಕನಾದರೆ ಸಂಬಳದ ದರವೇ ಬೇರೆ. “ಡಿಸ್ಚಾರ್ಜ್ ಬುಕ್ ತರ್ರಿ, ರೇಟ್ ಹೆಚ್ಚು ಮಾಡ್ತೀನಿ” ಎಂದು ಸೂಪರ್‌ವೈಸರ್ ಅಂದಾಗಲೆಲ್ಲ ನಾಳೆ ಅನ್ನುತ್ತೀರಿ. ನಡತೆ ಸರಿಯಿಲ್ಲವೆಂದು, ಪಿಂಚಣಿಯೂ ಇಲ್ಲದೆ ಹೊರಗೆ ಕಳಿಸಲ್ಪಟ್ಟವನು ಸರ್ಕಾರದ ವ್ಯಾಖ್ಯೆಯಲ್ಲಿ ಮಾಜಿ ಸೈನಿಕನೇ ಅಲ್ಲ. ಹದಿಮೂರು ವರ್ಷ ಗಡಿಯಲ್ಲಿ ನಿಂತವನನ್ನು ಏನೆಂದು ಕರೆಯಬೇಕು ಎಂಬುದಕ್ಕೆ ಆ ವ್ಯಾಖ್ಯೆಯಲ್ಲಿ ಉತ್ತರವಿಲ್ಲ.

ಹಾಗೆ ಒಂದು ಬೆಳಿಗ್ಗೆ, ರಾತ್ರಿ ಪಾಳಿ ಮುಗಿಸಿ ಕೆಂಪಾದ ಕಣ್ಣಲ್ಲೇ, ನೀವು ವಕೀಲರ ಮುಂದೆ ಕೂತಿದ್ದೀರಿ. 2025ರ ಬೇಸಿಗೆ. ಫ್ಯಾನು ಬಿಸಿ ಗಾಳಿಯನ್ನೇ ತಿರುಗಿಸಿ ಕೊಡುತ್ತಿದೆ. ಕುರ್ಚಿಯ ಪ್ಲಾಸ್ಟಿಕ್ಕಿಗೆ ಅಂಗಿ ಅಂಟಿದೆ. ಉಡಿದಾರದ ಬೀಗದ ಕೈ ಹೊಟ್ಟೆಗೆ ಒತ್ತುತ್ತಿದೆ. ಹಾಳೆಯನ್ನು ನೀವು ಮೊದಲ ಸಲ ಇನ್ನೊಬ್ಬರ ಕೈಗೆ ಕೊಡುತ್ತೀರಿ.

“ಎಷ್ಟ್ ವರ್ಷ ಸರ್ವಿಸು?”

“ಹದಿಮೂರು, ಸಾಹೇಬ್ರ.”

ಅವರು ಕನ್ನಡಕ ಮೇಲೇರಿಸುತ್ತಾರೆ. “ಪೆನ್ಶನ್‌ಗೆ ಹದಿನೈದ್ ಬೇಕು. ಕಡಿಮಿ ಬಿದ್ದದ್ದನ್ನ ಮನ್ನಾ ಮಾಡ್ಲಿಕ್ಕ ಬರ್ತದ, ಆದ್ರ ಒಂದ್ ವರ್ಷದ ಒಳಗ ಇರಬೇಕು. ನಿಮ್ದು ಎರಡು. ಬರೇ ಆ ಕಾರಣ ತೆಗೆಸಿ ಮರ್ಯಾದಿಯಿಂದ ಬಿಟ್ಟಾರ ಅಂತ ಬರೆಸಿಕೊಂಡ್ರ ಹೆಸರು ಬರ್ತದ, ರೊಟ್ಟಿ ಬರಂಗಿಲ್ಲ. ಆದೇಶಾನೇ ರದ್ದು ಮಾಡಸ್ಬೇಕು.”

ಇಲ್ಲಿ ಒಂದು ಮಾತು. ಅಮೆರಿಕದಲ್ಲಿ ಇದಕ್ಕೆಂದೇ ಮಂಡಳಿಗಳಿವೆ. ಸೇವಾಮುಕ್ತಿಯ ದರ್ಜೆ ಗೌರವದ್ದು, ಸಾಮಾನ್ಯದ್ದು, ಅದಕ್ಕಿಂತ ಕೆಳಗಿನದು ಎಂದು ಮೆಟ್ಟಿಲು ಮೆಟ್ಟಿಲಾಗಿದೆ. ಹದಿನೈದು ವರ್ಷದೊಳಗೆ ಫಾರಂ ತುಂಬಿ ಒಂದು ಮೆಟ್ಟಿಲು ಮೇಲೇರಿಸಿ ಎಂದು ಕೇಳಬಹುದು. ನಮ್ಮಲ್ಲಿ ಅಂಥ ಫಾರಂ ಇಲ್ಲ. ಹೊರಹಾಕಿದ ಆದೇಶವನ್ನೇ ನ್ಯಾಯಮಂಡಳಿಯ ಮುಂದೆ ಎಳೆದು ತಂದು ತಪ್ಪೆಂದು ತೋರಿಸಬೇಕು. ನಿಮ್ಮಂಥವರಿಗೆ ಅದು ಕಷ್ಟ, ಯಾಕೆಂದರೆ ತಪ್ಪು ನಿಮ್ಮದೇ ಎಂದು ಸಹಿ ಹಾಕಿದವರು ನೀವು.

“ಹೈಕೋರ್ಟು ಇಲ್ಲೇ ಅದ ಅಲ್ರಿ?” ನೀವು ಆಸೆಯಿಂದ ಕೇಳುತ್ತೀರಿ. ಹೌದು, 2008ರಲ್ಲಿ ಸಂಚಾರಿ ಪೀಠವಾಗಿ ಬಂದು 2013ರಲ್ಲಿ ಕಾಯಂ ಆದ ಹೈಕೋರ್ಟ್ ಪೀಠ ನಿಮ್ಮ ಗೋದಾಮಿಗೆ ಹತ್ತಿರವೇ. ವಕೀಲರು ತಲೆಯಾಡಿಸುತ್ತಾರೆ. ಸೇವಾ ವ್ಯಾಜ್ಯಕ್ಕೆ ಮೊದಲ ಬಾಗಿಲು ಸಶಸ್ತ್ರ ಪಡೆಗಳ ನ್ಯಾಯಮಂಡಳಿ. 2007ರ ಕಾಯ್ದೆಯಲ್ಲಿ ಹುಟ್ಟಿದ್ದು. ಅದರ ಪೀಠಗಳಲ್ಲಿ ಕರ್ನಾಟಕದವರಿಗೆ ಕೊಚ್ಚಿ. ಕಮಲಾಪುರದಿಂದ ಕೊಚ್ಚಿ! ಅದಕ್ಕೂ ಮೊದಲು ಸೇನೆಗೇ ಶಾಸನಬದ್ಧ ದೂರು ಕೊಟ್ಟು ಆರು ತಿಂಗಳು ಕಾಯಬೇಕು. ತಡವಾಗಿದ್ದಕ್ಕೆ ಬೇರೆ ಅರ್ಜಿ. ನಿಮ್ಮ ತಲೆಯಲ್ಲಿ ಲೆಕ್ಕ ಓಡುತ್ತದೆ: ರೈಲು, ಫೀಸು, ಕಳೆದುಕೊಳ್ಳುವ ಪಾಳಿಗಳು.

ಆಗ ಅವರು ಪೆನ್ನಿನ ತುದಿಯಿಂದ ಒಂದು ಸಾಲನ್ನು ಮೆಲ್ಲಗೆ ತಟ್ಟುತ್ತಾರೆ. “ನೋಟಿಸ್ ಕೊಡೋಕಿಂತ ಮೊದ್ಲು ನಿಮ್ಮನ್ನ ಯಾರಾದ್ರೂ ಕರೆದು ಕೂಡಿಸಿ ಕೇಳಿದ್ರೇನು? ಒಬ್ಬ ಆಫೀಸರು, ಸಾಕ್ಷಿ, ವಿಚಾರಣೆ?”

“ಇಲ್ರಿ.”

“ಖರೆ?”

“ನೋಟಿಸ್ ಬಂತು, ಸಹಿ ಮಾಡಿದೆ, ಮನೀಗಿ ಬಂದೆ.”

ಅವರು ಎದ್ದು ನಿಲ್ಲುತ್ತಾರೆ. 1988ರ ಡಿಸೆಂಬರ್ 28ರ ಸೇನಾ ಮುಖ್ಯ ಕಚೇರಿಯ ಪತ್ರವೊಂದಿದೆ: ಇಂಥವರನ್ನು ಹೊರಹಾಕುವ ಮುನ್ನ ನಿಷ್ಪಕ್ಷಪಾತ ಪ್ರಾಥಮಿಕ ವಿಚಾರಣೆ ನಡೆಯಬೇಕು, ನಾಲ್ಕು ಕೆಂಪು ನಮೂದು ಬರಿ ಮಾರ್ಗಸೂಚಿ, ಬಿದ್ದ ಕೂಡಲೇ ಬಾಗಿಲು ತೋರಿಸುವ ಕಾನೂನಲ್ಲ. ಆ ಪತ್ರದ ಆಧಾರದ ಮೇಲೆ ವೀರೇಂದ್ರ ಕುಮಾರ್ ದುಬೆ ಎಂಬ ಸೈನಿಕನ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2015ರ ಅಕ್ಟೋಬರ್ 16ರಂದು ಆದೇಶವನ್ನೇ ರದ್ದು ಮಾಡಿತು. ತಪ್ಪಿನ ತೂಕ, ಸೇವೆಯ ಉದ್ದ, ಕಠಿಣ ಜಾಗಗಳಲ್ಲಿ ದುಡಿದದ್ದು ಎಲ್ಲವನ್ನೂ ನೋಡಬೇಕು ಅಂದಿತು. ಪಿಂಚಣಿಗೆ ಬೇಕಾದ ಅವಧಿ ಮುಗಿಯುವ ತನಕ ಆತ ಸೇವೆಯಲ್ಲಿದ್ದನೆಂದೇ ಲೆಕ್ಕ. ಹಿಂಬಾಕಿ ಸಂಬಳ ಇಲ್ಲ, ಪಿಂಚಣಿ ಉಂಟು.

ನಿಮ್ಮ ಎದೆ ಹೊಡೆದುಕೊಳ್ಳುವುದು ನಿಮಗೇ ಕೇಳುತ್ತದೆ. ಎರಡು ವರ್ಷ ಆ ಹಾಳೆಯನ್ನು ಹಾವಿನಂತೆ ಟ್ರಂಕಿನಲ್ಲಿ ಮುಚ್ಚಿಟ್ಟಿದ್ದಿರಿ.

“ಕುಣೀಬ್ಯಾಡ್ರಿ,” ವಕೀಲರು ಕೂರುತ್ತಾರೆ. ಇನ್ನೊಂದು ತೀರ್ಪಿದೆ. ನಿಮ್ಮನ್ನು ಮನೆಗೆ ಕಳಿಸಿದ ವರ್ಷವೇ, 2023ರ ಜುಲೈ 28ರಂದು ಬಂದದ್ದು. ಮದನ್ ಪ್ರಸಾದ್ ಎಂಬ ಸೇನಾ ವಾಹನ ಚಾಲಕ ಹೆಂಡತಿಗೆ ಹುಷಾರಿಲ್ಲವೆಂದು ರಜೆ ಮೀರಿ 108 ದಿನ ಉಳಿದ. ಹಿಂದೆಯೂ ಹಾಗೆ ಮಾಡಿದವನು. ಹದಿನಾರು ವರ್ಷದ ಸೇವೆ ಇದ್ದರೂ ವಜಾ ಸರಿಯೆಂದಿತು ಅದೇ ಸುಪ್ರೀಂ ಕೋರ್ಟು. ಅವನದು ಸೇನಾ ನ್ಯಾಯಾಲಯದ ವಜಾ, ನಿಮ್ಮದು ಆಡಳಿತಾತ್ಮಕ ಬಿಡುಗಡೆ, ಹಾದಿ ಬೇರೆ. ಆದರೆ ಸರ್ಕಾರಿ ವಕೀಲರು ಮೊದಲು ಎತ್ತಿಕೊಳ್ಳುವ ಪುಸ್ತಕ ಅದೇ.

ಹೊರಗೆ ಚಹಾದಂಗಡಿಯಲ್ಲಿ ಒಬ್ಬ ನಿಮ್ಮ ಪಕ್ಕಕ್ಕೆ ಬಂದು ನಿಲ್ಲುತ್ತಾನೆ. ಕೋರ್ಟಿನ ಸುತ್ತ ಇಂಥವರು ಎಲ್ಲ ಊರಲ್ಲೂ ಇರುತ್ತಾರೆ. ನಿಮ್ಮ ಮಾತು ಅರ್ಧ ಕೇಳಿಸಿಕೊಂಡಿದ್ದಾನೆ. “ಅಣ್ಣೋರೆ, ಆ ನಲವತ್ತು ದಿನಕ್ಕ ಕಾಮಾಲೆ ಅಂತ ಸರ್ಟಿಫಿಕೇಟ್ ಮಾಡಿಸಿ ಕೊಡ್ತೀನಿ. ಹಳೇ ತಾರೀಖು, ಸಿಕ್ಕಾ, ಸಹಿ, ಎಲ್ಲಾ. ಕೇಸ್ ಗಟ್ಟಿ ಆಗ್ತದ.” ಅವನು ಹೇಳುವ ಮೊತ್ತ ನಿಮ್ಮ ಒಂದು ತಿಂಗಳ ಸಂಬಳಕ್ಕಿಂತ ಕಡಿಮೆ.

ಗಾಜಿನ ಲೋಟ ಬೆರಳು ಸುಡುತ್ತಿದೆ, ಕೆಳಗಿಡುವುದಿಲ್ಲ ನೀವು. ಕಾಮಾಲೆ. ಎಷ್ಟು ಸಲೀಸು. ಕಾಮಾಲೆಯಾದವನನ್ನು ಯಾರೂ ಶಿಸ್ತಿಲ್ಲದವನು ಅನ್ನುವುದಿಲ್ಲ. ಅಪ್ಪನ ಮೌನಕ್ಕೆ ಯಾವ ಡಾಕ್ಟರು ಸರ್ಟಿಫಿಕೇಟು ಕೊಡುತ್ತಾನೆ? ಕಿಸೆಯಲ್ಲಿ ಕೈ ಇದೆ. ಕೈಯಲ್ಲಿ ನೋಟು ಇದೆ. ಅವನು ಕಾಯುತ್ತಿದ್ದಾನೆ. ಬಸ್ಸು ಹಾರ್ನ್ ಹೊಡೆಯುತ್ತದೆ: ಮಹಾಗಾಂವ, ಕಮಲಾಪುರ, ಹುಮನಾಬಾದ್. ಹೇಳಿ, ಬೇಗ ಹೇಳಿ.

“ಬ್ಯಾಡ” ಅನ್ನುತ್ತೀರಿ. ಧರ್ಮಕ್ಕೆ ಹೆದರಿ ಅಂದಿರೆಂದು ನಾನು ಹೊಗಳುವುದಿಲ್ಲ. ನಿಮಗೆ ನೆನಪಾದದ್ದು ಪೇಶಿಯ ಕೋಣೆ. ಅಲ್ಲಿ “ಜೀ ಸಾಹೇಬ್” ಅಂದು ತಪ್ಪೊಪ್ಪಿದಾಗ ಕಾಮಾಲೆಯ ಮಾತೇ ಆಡಿರಲಿಲ್ಲ, ಸುಳ್ಳು ಮೊದಲ ಪುಟದಲ್ಲೇ ಸಿಕ್ಕಿಬೀಳುತ್ತದೆ. ಹೆದರಿಕೆಯೂ ಕೆಲವೊಮ್ಮೆ ಒಳ್ಳೆಯ ವಕೀಲ.

ಆ ರಾತ್ರಿ ಬುತ್ತಿ ಕಟ್ಟುತ್ತಿದ್ದ ಹೆಂಡತಿಯ ಮುಂದೆ ಹಾಳೆ ಇಡುತ್ತೀರಿ. ಅವಳು ಓದುತ್ತಾಳೆ, ರೊಟ್ಟಿಯ ಹಿಟ್ಟು ಮೆತ್ತಿದ ಹೆಬ್ಬೆರಳ ಗುರುತು ಅಂಚಿಗೆ ಬೀಳುತ್ತದೆ.

“ನನಗ ಗೊತ್ತಿತ್ತು,” ಅನ್ನುತ್ತಾಳೆ. “ಪೆನ್ಶನ್ ಬಂದವರು ಒಂದ್ನೇ ತಾರೀಖಿಗಿ ಬ್ಯಾಂಕಿಗಿ ಹೋಗ್ತಾರ. ನೀವು ಹೋಗ್ಲಿಲ್ಲ.”

ನಂತರದ ತಿಂಗಳುಗಳು ಅಂಚೆಯವು. ಮಾಹಿತಿ ಹಕ್ಕಿನಡಿ ನಿಮ್ಮದೇ ಸೇವಾ ದಾಖಲೆ ಕೇಳಿ ಪತ್ರ, ರಿಜಿಸ್ಟರ್ ಅಂಚೆಯ ರಸೀದಿ, ಕಮಲಾಪುರದ ಅಂಚೆ ಕಚೇರಿಯ ಅಂಟಿನ ವಾಸನೆ. ದಪ್ಪ ಲಕೋಟೆ ಬಂದ ದಿನ ಮನೆಯ ತನಕ ತಾಳ್ಮೆಯಿಲ್ಲದೆ ಹಾದಿಯ ಬೇವಿನ ಬುಡದಲ್ಲೇ ಬಿಚ್ಚುತ್ತೀರಿ. ವಿಚಾರಣೆಯ ಕಡತ ಹುಡುಕುತ್ತೀರಿ. ಒಮ್ಮೆ. ಮತ್ತೊಮ್ಮೆ. ಇಲ್ಲ. ನಾಲ್ಕು ಕೆಂಪು ಸಾಲು ಜೆರಾಕ್ಸಿನಲ್ಲಿ ಉಳಿದವುಗಳಂತೆಯೇ ಕಪ್ಪಾಗಿ ಬಂದಿವೆ. ಕಠಿಣ ಪ್ರದೇಶದಲ್ಲಿ ಕಳೆದ ವರ್ಷಗಳ ಪಟ್ಟಿಯೂ ಇದೆ, ಅದನ್ನು ನೀವೇ ಮರೆತಿದ್ದಿರಿ. ದೂರಿಗೆ ಆರು ತಿಂಗಳಲ್ಲಿ ಉತ್ತರ ಬರಲಿಲ್ಲ. ಅರ್ಜಿ ಕೊಚ್ಚಿಗೆ ಹೋಯಿತು, ತಡ ಮನ್ನಾ ಆಯಿತು, ತಾರೀಖು ಬಿತ್ತು, ಮುಂದೆ ಹೋಯಿತು, ಮತ್ತೆ ಬಿತ್ತು.

ಪುಣೆ–ಕನ್ಯಾಕುಮಾರಿ ಎಕ್ಸ್‌ಪ್ರೆಸ್ಸಿನ ಜನರಲ್ ಬೋಗಿ. ರಾಯಚೂರಿನ ಬಿಸಿಲು, ಗುಂತಕಲ್ಲಿನ ಜನ, ರಾತ್ರಿಯಿಡೀ ಯಾರದೋ ಮೊಣಕೈ ನಿಮ್ಮ ಪಕ್ಕೆಗೆ. ಶೇಂಗಾ ಹಿಂಡಿ, ಕಟಿ ರೊಟ್ಟಿ ತೊಡೆಯ ಮೇಲೆ. ಬೆಳಗಾದಾಗ ಕಿಟಕಿಯಾಚೆ ಎಲ್ಲವೂ ಹಸಿರು, ನೀರು. ನೀರಿದ್ದ ಊರಿನವರು ರಜೆ ಮೀರುವುದಿಲ್ಲವೇನೋ ಎಂಬ ಹುಚ್ಚು ವಿಚಾರ ತಲೆಯಲ್ಲಿ ಹಾದು ಹೋಗುತ್ತದೆ.

ನ್ಯಾಯಮಂಡಳಿಯ ಕೋಣೆಯಲ್ಲಿ ಇಬ್ಬರು. ಒಬ್ಬರು ನಿವೃತ್ತ ಹೈಕೋರ್ಟ್ ನ್ಯಾಯಮೂರ್ತಿ, ಇನ್ನೊಬ್ಬರು ಸೇನೆಯಲ್ಲಿ ದೊಡ್ಡ ಹುದ್ದೆಯಲ್ಲಿದ್ದು ನಿವೃತ್ತರಾದವರು. ಅವರು ಒಳಗೆ ಬಂದದ್ದೇ ತಡ, ನಿಮ್ಮ ಹಿಮ್ಮಡಿಗಳು ತಾವಾಗಿ ಕೂಡುತ್ತವೆ, ಹೆಬ್ಬೆರಳು ಪ್ಯಾಂಟಿನ ಹೊಲಿಗೆಗೆ ಹತ್ತುತ್ತದೆ. ಸೊಂಟದಲ್ಲಿ ಬೆಲ್ಟಿದೆಯೇ ಎಂದು ಮುಟ್ಟಿ ನೋಡಿಕೊಳ್ಳುತ್ತೀರಿ. ಇದೆ.

ಇಂಗ್ಲಿಷು ವೇಗವಾಗಿ ಹರಿಯುತ್ತದೆ. ನೀವು ಹೆಕ್ಕಿಕೊಳ್ಳುವುದು ತುಂಡು ಮಾತ್ರ: ರೆಡ್ ಇಂಕ್. ಹ್ಯಾಬಿಚುವಲ್. ಮದನ್ ಪ್ರಸಾದ್. ನಿಮ್ಮ ವಕೀಲರು ಎದ್ದು ನಿಲ್ಲುತ್ತಾರೆ: ದುಬೆ, ಪ್ರಿಲಿಮಿನರಿ ಎನ್‌ಕ್ವೈರಿ, 1988. ಕಾಗದ ಮಗುಚುವ ಸದ್ದು. ಸೇನೆಯಿಂದ ಬಂದ ಸದಸ್ಯರು ಕಡತದಿಂದ ತಲೆಯೆತ್ತಿ ವಕೀಲರನ್ನು ದಾಟಿ ಹಿಂದಿನ ಸಾಲಿನಲ್ಲಿ ನಿಂತ ನಿಮ್ಮನ್ನು ನೋಡುತ್ತಾರೆ. ಹಿಂದಿಯಲ್ಲಿ ಕೇಳುತ್ತಾರೆ. ಎರಡು ಸಲ ರಜೆ ವಿಸ್ತರಿಸಲು ಕೇಳಿದ್ದೀ, ಮೂರನೇ ಸಲ ಒಂದು ಫೋನೂ ಇಲ್ಲ. ಯಾಕೆ?

ಗಂಟಲು ಒಣಗಿದೆ. ವಕೀಲರು ಅರ್ಧ ತಿರುಗಿ ಕಣ್ಣಲ್ಲೇ ಏನೋ ಹೇಳುತ್ತಿದ್ದಾರೆ, ತಿಳಿಯುತ್ತಿಲ್ಲ. ಸಿಗ್ನಲ್ ಇರಲಿಲ್ಲ ಅನ್ನಬಹುದು. ಫೋನು ಕೆಟ್ಟಿತ್ತು ಅನ್ನಬಹುದು. ಕೋಣೆ ಕಾಯುತ್ತಿದೆ. ಟೈಪು ಮಾಡುತ್ತಿದ್ದವನ ಬೆರಳೂ ನಿಂತಿದೆ.

“ಶರಮ್ ಆಯೀ, ಸಾಹೇಬ್.”

ಎರಡು ಸಲ ಕೇಳಿದವನಿಗೆ ಮೂರನೇ ಸಲ ನಾಚಿಕೆಯಾಯಿತು. ಅಷ್ಟೇ. ಅದಕ್ಕಿಂತ ಹೆಚ್ಚಿನ ಕಾರಣ ನಿಮ್ಮ ಹತ್ತಿರ ಇರಲೂ ಇಲ್ಲ. ಅವರು ಏನೂ ಅನ್ನುವುದಿಲ್ಲ, ಕಡತದ ಅಂಚಿನಲ್ಲಿ ಏನೋ ಬರೆದುಕೊಳ್ಳುತ್ತಾರೆ. ಪೆನ್ನಿನ ಬಣ್ಣ ಯಾವುದೆಂದು ಅಷ್ಟು ದೂರದಿಂದ ಕಾಣುವುದಿಲ್ಲ. ಆದೇಶ ಕಾಯ್ದಿರಿಸಲಾಗಿದೆ. ಮುಂದಿನ ನಂಬರು ಕೂಗುತ್ತಾರೆ.

ಮೆಟ್ಟಿಲ ಮೇಲೆ ವಕೀಲರು ವಿವರಿಸುತ್ತಾರೆ. ಗೆದ್ದರೂ ಹಿಂಬಾಕಿ ಸಿಗಲಿಕ್ಕಿಲ್ಲ. ಸರ್ಕಾರ ಮೇಲಕ್ಕೆ ಹೋದರೆ ಇನ್ನಷ್ಟು ವರ್ಷ. ಸೋತರೆ ಹೈಕೋರ್ಟಿನ ಬಾಗಿಲು ತಟ್ಟಬಹುದು, 2023ರಲ್ಲಿ ಸುಪ್ರೀಂ ಕೋರ್ಟು ಆ ದಾರಿ ತೆರೆದೇ ಇಟ್ಟಿದೆ. ನೀವು ಹೂಂ ಅನ್ನುತ್ತೀರಿ. ಫೋನು ಕಿಸೆಯಲ್ಲಿ ಅದುರುತ್ತದೆ.

“ರೀ, ಏನಂದ್ರು?”

“ಏನೂ ಅಂದಿಲ್ಲ. ಆಮ್ಯಾಲ ಹೇಳ್ತಾರಂತ.”

“ಮತ್ತ ನೀವೇನಂದ್ರಿ?”

“ಖರೆ ಇದ್ದದ್ದು ಹೇಳಿದೆ.”

ಅತ್ತ ಅವಳು ಯಾರಿಗೋ ಏನೋ ಹೇಳಿ ಮತ್ತೆ ಫೋನಿಗೆ ಬರುತ್ತಾಳೆ. “ಸೂಪರ್‌ವೈಸರ್ ಎರಡ್ ಸಲ ಫೋನ್ ಮಾಡಿದ್ದ. ರಾತ್ರಿ ಡ್ಯೂಟಿಗಿ ಯಾವಾಗ ಬರ್ತೀರಿ ಅಂತ ಕೇಳ್ಲತ್ತಾನ.”

“ಶುಕ್ರವಾರ ಅಂತ ಹೇಳು,” ಅನ್ನುತ್ತೀರಿ. “ತಡ ಆದ್ರ ನಾನೇ ಫೋನ್ ಮಾಡ್ತೀನಂತ ಹೇಳು.”